ಪ್ರತಿ ಫ್ರೇಮಿನ ವಿವರ ಬರೆದಿಡುವ ಸಾಧನ ಯಾಕಿಲ್ಲ?

ಫಿಲ್ಮ್ ಕ್ಯಾಮೆರಾದ ಹಾಟ್ ಶೂ (ಮೇಲ್ಭಾಗದಲ್ಲಿ ಫ್ಲ್ಯಾಶ್ ಕೂರಿಸುವ ಜಾಗ) ಮೇಲೆ ಕೂತು, ಪ್ರತಿ ಫೋಟೋದ ಶಟರ್ ಸ್ಪೀಡ್ (ಶಟರ್ ಎಷ್ಟು ಹೊತ್ತು ತೆರೆದಿತ್ತು), ಅಪರ್ಚರ್ (ಲೆನ್ಸ್‌ನ ಕಿಂಡಿ ಎಷ್ಟು ಅಗಲ ತೆರೆದಿತ್ತು) ಎರಡನ್ನೂ ತಾನೇ ದಾಖಲಿಸುವ ಸಾಧನವನ್ನು ಯಾರೂ ಯಾಕೆ ಮಾಡಿಲ್ಲ ಅಂತ ಕೇಳಿದ್ದೀರಿ. ನನಗೂ ಅದು ತುಂಬಾ ಬೇಕು! ತೊಡಕು ಇಷ್ಟೇ: ಹಳೆಯ ಮೆಕ್ಯಾನಿಕಲ್ ಕ್ಯಾಮೆರಾದ ಹಾಟ್ ಶೂ ಬರೀ ಒಂದು ಸ್ವಿಚ್. ಶಟರ್ ತೆರೆದಾಗ ಅದು ಕೂಡಿಕೊಳ್ಳುತ್ತದೆ, ಫ್ಲ್ಯಾಶ್ ಹೊತ್ತಿಸುತ್ತದೆ. ಅಪರ್ಚರ್ ಎಷ್ಟಿದೆ ಅನ್ನೋದು ಅದಕ್ಕೆ ಗೊತ್ತೇ ಆಗುವುದಿಲ್ಲ. 2004ರ ನಿಕಾನ್ ಎಫ್6 ಈ ವಿವರಗಳನ್ನು ಉಳಿಸಿಕೊಳ್ಳುತ್ತಿತ್ತು, ಆದರೆ ಅದು ಪೂರ್ತಿ ಎಲೆಕ್ಟ್ರಾನಿಕ್ ಕ್ಯಾಮೆರಾ.

ಆದರೂ ದಾರಿಯಿದೆ. ಶೂ ಮೇಲೆ ಕೂತು ಬೆಳಕು ಅಳೆಯುವ ಪುಟ್ಟ ಲೈಟ್ ಮೀಟರ್‌ಗಳು ಈಗಾಗಲೇ ಇವೆ. ಕೆಲವದರಲ್ಲಿ ಅಪರ್ಚರ್, ಸ್ಪೀಡ್ ಎರಡಕ್ಕೂ ಡಯಲ್ ಇರುತ್ತದೆ. ಹಾಟ್ ಶೂನ ಸ್ವಿಚ್ ಕೂಡಿದ ಕ್ಷಣದಲ್ಲಿ ಡಯಲ್ ಎಲ್ಲಿದೆ, ಬೆಳಕು ಎಷ್ಟಿದೆ, ಗಂಟೆ ಎಷ್ಟು ಅಂತ ಉಳಿಸಿಕೊಂಡರೆ ಸಾಕು ಅಲ್ವಾ? ಕ್ಯಾಮೆರಾ, ಲೆನ್ಸ್‌ಗಳಲ್ಲೂ ಅದೇ ಅಂಕಿ ಇಡುವುದು ನಮ್ಮ ಜವಾಬ್ದಾರಿ. ಹಾಟ್ ಶೂ ಇಲ್ಲದ ಕ್ಯಾಮೆರಾಗಳಿಗೆ ಫ್ಲ್ಯಾಶ್ ಸಾಕೆಟ್‌ನಿಂದ ಒಂದು ಸಣ್ಣ ಕೇಬಲ್ ಎಳೆಯಬಹುದು. ಪರದೆ, ಆ್ಯಪ್ ಅಂತ ಜಾಸ್ತಿ ಏನೂ ಬೇಡ. ಯಾರಾದರೂ ಇಷ್ಟು ಮಾಡಿಕೊಟ್ಟರೆ ನಾನಂತೂ ಮೊದಲು ಕೊಳ್ಳುತ್ತೇನೆ.

ಅಲ್ಲಿಯವರೆಗೆ ಫೋನ್‌ನಲ್ಲಿ ಫ್ರೇಮ್ ನಂಬರ್, ಸ್ಪೀಡ್, ಅಪರ್ಚರ್ ಹೇಳಿ ಧ್ವನಿ ರೆಕಾರ್ಡ್ ಮಾಡಿಕೊಳ್ಳಿ. ಬರೆಯುವುದಕ್ಕಿಂತ ಬೇಗ ಆಗುತ್ತದೆ.