ಆದೇಶ ಆಗೈತಿ, ಕೈಗೆ ಬರೋದು ಯಾವಾಗ?

ಹೆಂಡತಿಯನ್ನು ಹೊಡೆಯಬೇಡ, ಮನೆಯಿಂದ ಹೊರಗೆ ಹಾಕಬೇಡ ಅಂತ ಕೋರ್ಟು ಬರೆದರೂ ಆ ಕಾಗದ ನಮ್ಮ ಧಾರವಾಡ, ಗದಗ, ಹಾವೇರಿ ಹಳ್ಳಿಗಳನ್ನು ಮುಟ್ಟೋಕೆ ಯಾಕೆ ತಡ ಅಂತ ಕೇಳಿದ್ದೀರಿ. 2005ರ ಕೌಟುಂಬಿಕ ಹಿಂಸೆ ಕಾಯ್ದೆಯಲ್ಲಿ ಅವಸರಕ್ಕೇನೂ ಕೊರತೆಯಿಲ್ಲ: ಅರ್ಜಿ ಕೊಟ್ಟ 3 ದಿನದೊಳಗೆ ಮೊದಲ ತಾರೀಖು, ಗಂಡನಿಗೆ ನೋಟಿಸ್ ಜಾರಿಗೆ 2 ದಿನ. ಕಾಗದ ಸಿಕ್ಕಿಬೀಳೋದು ವಿಳಾಸದಲ್ಲಿ.

ಅರ್ಜಿಯಲ್ಲಿ ಗಂಡನ ವಿಳಾಸ ‘ಮಂಜುನಾಥ ತಂದೆ ಬಸಪ್ಪ, ಸಾ: ಇಂಥ ಊರು’ ಅಂತಷ್ಟೇ ಬರೆದರೆ ಆ ಊರಲ್ಲಿ ಅಂಥವರು ನಾಲ್ಕು ಮಂದಿ ಇರುತ್ತಾರೆ. ಅಡ್ಡಹೆಸರು, ಓಣಿ, ಯಾವ ಗುಡಿಯ ಹಿಂದಿನ ಮನೆ, ಮೊಬೈಲ್ ನಂಬರ್, ಎಲ್ಲಾ ಬೇಕು. ‘ಹಾಲಿವಸ್ತಿ’, ಅಂದರೆ ಅವನು ಈಗ ಇರುವ ಜಾಗವಂತೂ ಬೇಕೇ ಬೇಕು. ಲೋಂಡಾ ದಾಟಿದರೆ ಗೋವಾ. ದುಡಿಯಲು ಹೋದವ ವಾಸ್ಕೋದ ಬಾಡಿಗೆ ಕೋಣೆಯಲ್ಲಿದ್ದರೆ, ಊರಿಗೆ ಹೋದ ನೋಟಿಸ್ ‘ಊರಲ್ಲಿಲ್ಲ’ ಅಂತ ಷರಾ ಬರೆಸಿಕೊಂಡು ವಾಪಸ್ ಬರುತ್ತದೆ. ಹಾಗಂತ ಅರ್ಜಿಯನ್ನು ಗೋವಾದಲ್ಲಿ ಹಾಕಬೇಕಿಲ್ಲ. ಆಕೆ ಸದ್ಯ ಇರುವ ಊರಿಗೆ ಸಂಬಂಧಿಸಿದ ಜೆಎಂಎಫ್‌ಸಿ (ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್) ಕೋರ್ಟು ಸಾಕು, ಆದೇಶ ದೇಶದ ತುಂಬ ನಡೆಯುತ್ತದೆ. ವಕೀಲರಿಗೆ ದುಡ್ಡಿಲ್ಲದಿದ್ದರೆ ತಾಲೂಕು ಕಾನೂನು ಸೇವಾ ಸಮಿತಿ ಇದೆ. ಹೆಣ್ಣುಮಕ್ಕಳಿಗೆ ಆದಾಯದ ಮಿತಿಯಿಲ್ಲ.

ನೋಟಿಸ್ ಮುಟ್ಟಿಸೋದು ಸಂರಕ್ಷಣಾಧಿಕಾರಿಯ ಕೆಲಸ. ತಾಲೂಕಿನಲ್ಲಿ ಆ ಹುದ್ದೆ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಹೆಗಲ ಮೇಲೆ, ಅಂಗನವಾಡಿಗಳ ಜೊತೆಗೆ. ಮನುಷ್ಯ ಸಿಗಲಿಲ್ಲ ಅಂತ ತಿರುಗಿ ಬರಬೇಕಿಲ್ಲ: ಆ ಹೊತ್ತಿಗೆ ಮನೆ ನೋಡಿಕೊಳ್ಳುತ್ತಿರುವವರ ಕೈಗೆ ಕೊಡಬಹುದು, ಅದೂ ಆಗದಿದ್ದರೆ ಎದ್ದು ಕಾಣುವ ಕಡೆ ಅಂಟಿಸಬಹುದು. ನೋಟಿಸ್ ಜಾರಿಯಾಗದೆ ವಾಪಸ್ ಬಂದರೆ ವಕೀಲರು ಈ ನಿಯಮ ನೆನಪಿಸಲಿ.

ಅಪಾಯ ಇವತ್ತೇ ಇದ್ದರೆ ನೋಟಿಸಿನ ದಾರಿ ಕಾಯಬೇಡಿ. ಇದೇ ಕಾಯ್ದೆಯ ಕಲಂ 23ರಲ್ಲಿ, ನಮೂನೆ 3ರ ಅಫಿಡವಿಟ್ ಮೇಲೆ ಏಕಪಕ್ಷೀಯ ಮಧ್ಯಂತರ ಆದೇಶ, ಅಂದರೆ ಗಂಡನ ಮಾತು ಕೇಳುವ ಮೊದಲೇ ತಾತ್ಕಾಲಿಕ ಆದೇಶ ಸಿಗಬಹುದು. ‘ದಿನಾ ಹೊಡೀತಾನ’ ಅಂದರೆ ಸಾಲದು. ಯಾವ ದಿನ, ಯಾವುದರಿಂದ, ಎಲ್ಲಿಗೆ ಪೆಟ್ಟು, ದವಾಖಾನೆ ಚೀಟಿ ಯಾವುದು ಅಂತ ಬರೆಯಬೇಕು.

ಇನ್ನು ಬಹಳ ಮಂದಿ ಎಡವುವ ಜಾಗ. ಆಕೆ ಇರೋದು ತವರುಮನೆಯಲ್ಲಿ, ಆದೇಶದ ಪ್ರತಿ ಕೆಲವು ಸಲ ಗಂಡನ ಊರಿನ ಠಾಣೆಗಷ್ಟೇ ಹೋಗಿರುತ್ತದೆ. ಅವನು ಕುಡಿದು ಬಂದು ಬಾಗಿಲು ಬಡಿಯೋದು ತವರಿನಲ್ಲಿ! ಆಗ ತವರಿನ ಠಾಣೆಗೆ ಸುದ್ದಿಯೇ ಇರೋದಿಲ್ಲ. ಅದಕ್ಕೇ ಅರ್ಜಿಯಲ್ಲೇ ಎರಡೂ ಠಾಣೆಗಳ ಹೆಸರು ಬರೆದು, ಎರಡಕ್ಕೂ ಪ್ರತಿ ಕಳಿಸಿ ಅಂತ ಕೇಳಬೇಕು. ಕಲಂ 24ರ ಪ್ರಕಾರ ಪ್ರತಿ ಪುಕ್ಕಟೆ. ಟಪಾಲು ಬರಲಿ ಬಿಡಲಿ, ಆಕೆಯ ಕಡೆಯವರು ಒಂದು ಪ್ರತಿಯನ್ನು ತವರಿನ ಠಾಣೆಗೆ ಒಯ್ದು ಕೊಟ್ಟು, ಇನ್ನೊಂದರ ಮೇಲೆ ತಾರೀಖು ಸಮೇತ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಲಿ. ಆದೇಶ ಮುರಿದರೆ 1 ವರ್ಷದವರೆಗೆ ಜೈಲು ಇಲ್ಲವೇ 20,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಜಾಮೀನು ರಹಿತ ಅಪರಾಧ. ಮೊಹರು ಬಿದ್ದ ಪ್ರತಿಯ ಫೋಟೊ ಆಕೆಯ ಫೋನಿನಲ್ಲಿರಲಿ. ರಾತ್ರಿ 112ಕ್ಕೆ ಕರೆ ಮಾಡಿದಾಗ ಬಂದ ಪೊಲೀಸರಿಗೆ ತೋರಿಸೋದು ಅದನ್ನೇ.