‘ಸೂಪರ್‌ನ್ಯಾಚುರಲ್’ ಎಂಬ ಅಮೆರಿಕನ್ ಟಿವಿ ಸರಣಿಯ ಕೊನೆ ಕಂತಿನಲ್ಲಿ ಡೀನ್ ಸಾವು ಯಾಕೆ ಅಷ್ಟೊಂದು ಕಾಡುತ್ತೆ?

ಆ ಸಾವು ತೀರಾ ಮಾಮೂಲಿಯದು, ಅದಕ್ಕೇ. 2005ರಿಂದ 2020ರವರೆಗೆ 15 ಸೀಸನ್, 327 ಕಂತು. ದೆವ್ವ-ಪಿಶಾಚಿಗಳನ್ನು ಬೇಟೆಯಾಡಿದ ಅಣ್ಣ ಡೀನ್, ತಮ್ಮ ಸ್ಯಾಮ್ ಕೊನೆಗೆ ದೇವರನ್ನೇ ಸೋಲಿಸುತ್ತಾರೆ. ಆಮೇಲೆ ಒಂದು ಕೊಟ್ಟಿಗೆಯ ಕಂಬದಲ್ಲಿದ್ದ ಕಬ್ಬಿಣದ ಸರಳು ಬೆನ್ನಿಗೆ ಚುಚ್ಚಿ ಡೀನ್ ಸಾಯುತ್ತಾನೆ!

ಹಿಂದೆ ಎಷ್ಟೋ ಸಲ ಸತ್ತು ಎದ್ದು ಬಂದಿದ್ದನಲ್ಲ, ಹಾಗಾಗಿ ನಮ್ಮ ಮನಸ್ಸು ಈ ಸಲವೂ ಏನಾದರೂ ಉಪಾಯ ಇದ್ದೇ ಇರುತ್ತೆ ಅಂತ ಕಾಯುತ್ತದೆ. ತನ್ನನ್ನು ಮತ್ತೆ ಬದುಕಿಸಬೇಡ ಅಂತ ಅವನೇ ತಮ್ಮನಿಗೆ ಹೇಳಿದಾಗ ಆ ದಾರಿಯೂ ಮುಚ್ಚುತ್ತದೆ. ನಿಜವಾದ ಸಂಕಟ ಶುರುವಾಗುವುದು ಅಲ್ಲಿ. ನನ್ನ ಪ್ರಕಾರ ಇಡೀ ಕಂತಿನ ಅತ್ಯಂತ ಪ್ರಾಮಾಣಿಕ ಮಾತು ಅದು.

ಮಂಡ್ಯದ ನಮ್ಮನೆಯಲ್ಲಿ ಕಂತಿನ ಕೊನೆಗೆ ಪರದೆ ಮೇಲೆ ಹೆಸರುಗಳೆಲ್ಲ ಓಡಿ ಮುಗಿದರೂ ತಂಗಿ ರಿಮೋಟ್ ಹಿಡಿದೇ ಕೂತಿದ್ದಳು. ಮುಂದಿದ್ದ ಕಾಫಿ ಕೆನೆ ಕಟ್ಟಿತ್ತು.