ಮುಟ್ಟು ನಿಂತ ಮೇಲೆ ಅಂಡಾಶಯದಲ್ಲಿ ಸಿಸ್ಟ್: ತೆಗೆಸಲೇಬೇಕಾ?

ಪ್ರಶ್ನೆ: ನನಗೆ 58 ವರ್ಷ. ಮುಟ್ಟು ನಿಂತು ಏಳು ವರ್ಷವಾಯಿತು. ಪಿತ್ತಕೋಶದ ಕಲ್ಲಿಗೆಂದು ಹೊಟ್ಟೆ ಸ್ಕ್ಯಾನ್ ಮಾಡಿಸಿದಾಗ ಎಡ ಅಂಡಾಶಯದಲ್ಲಿ 3.5 ಸೆಂ.ಮೀ. ಸಿಸ್ಟ್ ಕಂಡಿದೆ. ನನಗೆ ಅದರಿಂದ ಏನೂ ತೊಂದರೆಯಿಲ್ಲ. ಸಿಎ-125 ರಕ್ತಪರೀಕ್ಷೆಯಲ್ಲಿ 18 ಬಂದಿದೆ. ಒಬ್ಬ ಡಾಕ್ಟರು ‘ಈ ವಯಸ್ಸಲ್ಲಿ ಇಟ್ಕೋಬಾರದು, ಗರ್ಭಕೋಶದ ಜೊತೆಗೇ ತೆಗೆಸಿಬಿಡಿ’ ಎನ್ನುತ್ತಾರೆ. ಇನ್ನೊಬ್ಬರು ‘ಕಾದು ನೋಡೋಣ’ ಎನ್ನುತ್ತಾರೆ. ರಾತ್ರಿ ನಿದ್ದೆ ಬರುತ್ತಿಲ್ಲ. ಏನು ಮಾಡಲಿ?

ಉತ್ತರ: ನೀವು ಬರೆದಿರುವುದನ್ನು ನೋಡಿದರೆ ಕಾಯೋಣ ಎಂದವರ ಮಾತೇ ನನಗೂ ಸರಿ ಅನ್ನಿಸುತ್ತದೆ. ಆದರೆ ಒಂದು ಕೆಲಸ ಬಾಕಿ ಇದೆ. ನಿಮಗೆ ಆಗಿರುವುದು ಹೊಟ್ಟೆಯ ಮೇಲಿಂದ, ಪಿತ್ತಕೋಶ ನೋಡಲು ಮಾಡಿದ ಸ್ಕ್ಯಾನ್. ಅಂಡಾಶಯ ಚೆನ್ನಾಗಿ ಕಾಣಬೇಕಾದರೆ ಯೋನಿಯ ಮೂಲಕ ಮಾಡುವ ಟಿವಿಎಸ್ ಸ್ಕ್ಯಾನ್ ಬೇಕು. ಮುಜುಗರ ಪಡಬೇಡಿ. ಒಣಗಿದಂತಾಗಿ ನೋವಾಗುತ್ತಿದ್ದರೆ ಮೊದಲೇ ಹೇಳಿ, ಜೆಲ್ ಜಾಸ್ತಿ ಹಾಕಿ ನಿಧಾನವಾಗಿ ಮಾಡುತ್ತಾರೆ.

ರಿಪೋರ್ಟ್ ಕೈಗೆ ಬಂದ ಕೂಡಲೇ ಎಲ್ಲರ ಕಣ್ಣು ಹೋಗುವುದು ಸೆಂಟಿಮೀಟರ್ ಕಡೆಗೆ. ನೀವು ಅದರ ಪಕ್ಕದ ಪದಗಳನ್ನು ಓದಿ. ‘ಸಿಂಪಲ್’, ‘ಯುನಿಲಾಕ್ಯುಲರ್’ ಎಂದಿದ್ದರೆ ತೆಳು ಗೋಡೆಯ, ಒಳಗೆ ಬರೀ ನೀರಿರುವ ಒಂದೇ ಚೀಲ ಎಂದರ್ಥ. ಇಂಥ ಸಿಸ್ಟ್ 10 ಸೆಂ.ಮೀ. ತನಕ ಬೆಳೆದಿದ್ದರೂ ಅದರಲ್ಲಿ ಕ್ಯಾನ್ಸರ್ ಇರುವ ಸಾಧ್ಯತೆ ನೂರಕ್ಕೆ ಒಂದಕ್ಕಿಂತ ಕಡಿಮೆ. ‘ಸಾಲಿಡ್’ ಅಂದರೆ ಗಟ್ಟಿ ಭಾಗ, ‘ಪ್ಯಾಪಿಲರಿ’ ಅಂದರೆ ಒಳಗೋಡೆಯಿಂದ ಮೊಗ್ಗಿನಂತೆ ಚಾಚಿದ ಬೆಳವಣಿಗೆ, ‘ಅಸೈಟಿಸ್’ ಅಂದರೆ ಹೊಟ್ಟೆಯಲ್ಲಿ ನೀರು. ಇವು ಕಂಡರೆ 3 ಸೆಂ.ಮೀ. ಇದ್ದರೂ ಬಿಡುವಂತಿಲ್ಲ.

ಸಿಎ-125 ಎಂದರೆ ಅಂಡಾಶಯದ ಕ್ಯಾನ್ಸರ್ ಇದ್ದಾಗ ರಕ್ತದಲ್ಲಿ ಏರಬಹುದಾದ ಒಂದು ಪ್ರೋಟೀನ್. ಅದು ಸಾಮಾನ್ಯವಾಗಿ 35ರ ಒಳಗಿರಬೇಕು. ನಿಮ್ಮ 18 ಒಳ್ಳೆಯದೇ. ಆದರೆ ಅದೊಂದನ್ನೇ ನಂಬಬೇಡಿ. ಅಂಡಾಶಯದ ಕ್ಯಾನ್ಸರ್ ಮೊದಲ ಹಂತದಲ್ಲಿದ್ದಾಗ ಸುಮಾರು ಅರ್ಧದಷ್ಟು ಹೆಂಗಸರಲ್ಲಿ ಮಾತ್ರ ಇದು ಏರುತ್ತದೆ. ಲಿವರ್ ತೊಂದರೆ, ಹಾರ್ಟ್ ಫೇಲ್ಯೂರ್, ಹೊಟ್ಟೆಯ ಕ್ಷಯ ಇದ್ದವರಲ್ಲಿ ಕ್ಯಾನ್ಸರ್ ಇಲ್ಲದೆಯೂ ಏರುತ್ತದೆ. ಸ್ಕ್ಯಾನ್ ಜೊತೆ ಇಟ್ಟು ಓದಿದಾಗಲೇ ಈ ಸಂಖ್ಯೆಗೆ ಅರ್ಥ.

ಟಿವಿಎಸ್‌ನಲ್ಲೂ ಸಿಂಪಲ್ ಸಿಸ್ಟ್, 5 ಸೆಂ.ಮೀ.ಗಿಂತ ಚಿಕ್ಕದು, ಒಂದೇ ಕಡೆ ಎಂದು ಬಂದರೆ 4ರಿಂದ 6 ತಿಂಗಳಿಗೊಮ್ಮೆ ಸ್ಕ್ಯಾನ್ ಮತ್ತು ಸಿಎ-125 ಮಾಡಿಸಿ. ಒಂದು ವರ್ಷ ಹಾಗೇ ಇದ್ದರೆ ಅಥವಾ ಕುಗ್ಗಿದರೆ ಅಲ್ಲಿಗೆ ನಿಲ್ಲಿಸಬಹುದು. ಎಷ್ಟೋ ಸಿಸ್ಟ್‌ಗಳು ತಾವಾಗಿಯೇ ಮಾಯವಾಗುತ್ತವೆ. ಬೆಳೆದರೆ, ರೂಪ ಬದಲಾದರೆ ಆಗ ಆಪರೇಷನ್ ಯೋಚನೆ ಮಾಡೋಣ. ಆಗಲೂ ಸಾಮಾನ್ಯವಾಗಿ ಎರಡೂ ಅಂಡಾಶಯ ಮತ್ತು ಅಂಡನಾಳಗಳನ್ನು ಲ್ಯಾಪ್ರೋಸ್ಕೋಪಿಯಲ್ಲಿ (ಸಣ್ಣ ರಂಧ್ರಗಳ ಮೂಲಕ), ಒಡೆಯದಂತೆ ಚೀಲದೊಳಗೆ ಹಾಕಿ ತೆಗೆಯುತ್ತಾರೆ. ಬರೀ ಸಿಂಪಲ್ ಸಿಸ್ಟ್‌ಗೆ ಗರ್ಭಕೋಶ ಕಳೆದುಕೊಳ್ಳಬೇಕಿಲ್ಲ.

‘ಸೂಜಿ ಹಾಕಿ ನೀರು ತೆಗೆದುಬಿಡೋಣ’ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಆ ನೀರಿನ ಪರೀಕ್ಷೆಯಲ್ಲಿ ಕ್ಯಾನ್ಸರ್ ತಪ್ಪಿಹೋಗಬಹುದು, ಸಿಸ್ಟ್ ಮತ್ತೆ ತುಂಬಿಕೊಳ್ಳುತ್ತದೆ, ಒಳಗೆ ಕ್ಯಾನ್ಸರ್ ಇದ್ದರಂತೂ ಹೊಟ್ಟೆಯೊಳಗೆ ಚೆಲ್ಲುವ ಭಯ.

ಪ್ರಶ್ನೆ: ಅಮ್ಮನಿಗೆ 66. ಟಿವಿಎಸ್‌ನಲ್ಲಿ 9 ಸೆಂ.ಮೀ. ಗಡ್ಡೆ, ಹಲವು ಕೋಣೆ, ಗಟ್ಟಿ ಭಾಗವೂ ಇದೆ ಎಂದಿದೆ. ಸಿಎ-125 140. ಸರ್ಜನ್ ನಾಳಿದ್ದೇ ಆಪರೇಷನ್ ಅನ್ನುತ್ತಿದ್ದಾರೆ. ಒಪ್ಪಲೇ?

ಉತ್ತರ: ಸ್ವಲ್ಪ ನಿಲ್ಲಿ. ಗಡ್ಡೆ ಕ್ಯಾನ್ಸರ್ ಆಗಿರುವ ಅಪಾಯ ಎಷ್ಟೆಂದು ಅಂದಾಜು ಮಾಡಲು ಆರ್‌ಎಂಐ ಎಂಬ ಲೆಕ್ಕವಿದೆ. ಸ್ಕ್ಯಾನ್‌ನಲ್ಲಿ ಅನುಮಾನದ ಗುರುತು ಎರಡು ಅಥವಾ ಜಾಸ್ತಿ ಇದ್ದರೆ 3, ಮುಟ್ಟು ನಿಂತಿದ್ದಕ್ಕೆ 3, ಇವನ್ನು ಸಿಎ-125ರ ಜೊತೆ ಗುಣಿಸಬೇಕು. ಅಮ್ಮನಿಗೆ ಹಲವು ಕೋಣೆ, ಗಟ್ಟಿ ಭಾಗ ಎಂದು ಎರಡು ಗುರುತಿವೆ. ಹಾಗಾಗಿ ಅವರದು 3×3×140, ಅಂದರೆ 1260. 200 ದಾಟಿದರೇ ಗೈನಕಾಲಜಿ ಕ್ಯಾನ್ಸರ್ ಸರ್ಜನ್ ನೋಡಬೇಕು. ಇದು ಕ್ಯಾನ್ಸರ್ ಎಂಬ ತೀರ್ಪಲ್ಲ, ಆದರೆ ಅನುಮಾನ ಗಟ್ಟಿಯಾಗಿದೆ.

ಕ್ಯಾನ್ಸರ್ ಆಗಿದ್ದರೆ ಮೊದಲ ಆಪರೇಷನ್ ಸರಿಯಾಗಿ ಆಗುವುದು ಬಹಳ ಮುಖ್ಯ. ಎಲ್ಲಿ ಹರಡಿದೆ ಎಂದು ಹುಡುಕಿ, ಕಂಡಿದ್ದನ್ನೆಲ್ಲ ತೆಗೆಯುವುದು ಅದನ್ನೇ ಕಲಿತ ಕೈಯ ಕೆಲಸ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ. ಹಾಗಂತ ತಿಂಗಳುಗಟ್ಟಲೆ ತಡ ಮಾಡಬೇಡಿ, ಈ ವಾರವೇ ತೋರಿಸಿ. ಹೊಟ್ಟೆಯ ಸಿಟಿ ಸ್ಕ್ಯಾನ್ ಹೇಳಬಹುದು. ಮನೆಯಲ್ಲಿ ಯಾರಿಗಾದರೂ ಸ್ತನ ಅಥವಾ ಅಂಡಾಶಯದ ಕ್ಯಾನ್ಸರ್ ಆಗಿತ್ತಾ, ಅಮ್ಮನಿಗೆ ಸ್ವಲ್ಪ ತಿಂದರೂ ಹೊಟ್ಟೆ ತುಂಬಿದಂತಾಗುತ್ತಾ ಎಂಬುದನ್ನೆಲ್ಲ ಹೇಳಿ. ಈ ನಡುವೆ ಇದ್ದಕ್ಕಿದ್ದಂತೆ ಕಿಬ್ಬೊಟ್ಟೆ ಜೋರಾಗಿ ನೋವಾಗಿ ವಾಂತಿಯಾದರೆ ಗಡ್ಡೆ ತಿರುಚಿಕೊಂಡಿರಬಹುದು. ಆಗ ಮಾತ್ರ ಯಾರಿಗೂ ಕಾಯದೆ ಹತ್ತಿರದ ಆಸ್ಪತ್ರೆಗೆ ಕೂಡಲೇ ಕರೆದುಕೊಂಡು ಹೋಗಿ.